ತಲೆದೂಗಿಪುರದ ಬಟ್ಟಲು ಪ್ರಚಾರ

ಬಹಳ ಹಿಂದೆ, ಅಂದರೆ ಕಳೆದ ಚುನಾವಣೆಗಿಂತಲೂ ಹಿಂದೆ, ತಲೆದೂಗಿಪುರವೆಂಬ ರಾಜ್ಯವೊಂದಿತ್ತು. ಅದನ್ನು ಶ್ರೀಮದ್ ಅನುಮೋದವರ್ಮ ಮಹಾರಾಜರು ಆಳುತ್ತಿದ್ದರು. ಆಳಿ ಆಳಿ ಬೇಸರವಾದಾಗ ಜನಾಭಿಪ್ರಾಯದ ಸರ್ವೆ ಮಾಡಿಸುತ್ತಿದ್ದರು.

ಆ ಊರಿನ ಗುಡ್ಡದ ಮೇಲೆ ಗಾಜಿನ ಶಾಲೆ, ಗುಡ್ಡದ ಕೆಳಗೆ ಹುಣಸೇಬೀದಿಯಲ್ಲಿ ಸೋರುವ ಹೆಂಚಿನ ಶಾಲೆ. ಹುಣಸೇಬೀದಿಯ ಸಾವಂತ್ರಮ್ಮನಿಗಿದ್ದ ಆಸೆ ಒಂದೇ: ಮಗಳು ಕೆಂಪಿ ಗಾಜಿನ ಶಾಲೆಯಲ್ಲಿ ಓದಬೇಕು. ಲೆಕ್ಕವೆಂದರೆ ಪ್ರಾಣ ಬಿಡುವ ಹುಡುಗಿ ಮಳೆಗಾಲವಿಡೀ ಸ್ಲೇಟನ್ನು ಕೊಡೆಯ ಹಾಗೆ ತಲೆಯ ಮೇಲೆ ಹಿಡಿದು ಕೂರುವುದನ್ನು ಕಂಡು ತಾಯಿಯ ಕರುಳು ಚುರುಕ್ ಎನ್ನುತ್ತಿತ್ತು.

ಹೀಗಿರಲು ಅರಮನೆಯಿಂದ ಡಂಗುರ ಹೊರಟಿತು: 'ಶಾಲೆಯ ಆಯ್ಕೆ ಬೇಕೋ, ಬೇಡವೋ? ಪ್ರಜೆಗಳು ಮತ ಹಾಕಿ ತಿಳಿಸತಕ್ಕದ್ದು!' ಇನ್ನು ಮುಂದೆ ಬೇಕಾದ ಶಾಲೆಯನ್ನು ನಾವೇ ಆರಿಸಬಹುದು ಎಂದು ಬೀದಿಯವರೆಲ್ಲ ತಿಳಿದುಕೊಂಡರು. ಹಾಗಲ್ಲವೆಂದು ಅರಮನೆ ಹೇಳಲಿಲ್ಲ.

"ಪ್ರಭೂ, 'ಬೇಕು' ಎಂಬುದೇ ಗೆಲ್ಲಬೇಕಾದರೆ ಪ್ರಚಾರವು ತಳಮಟ್ಟದಲ್ಲಿ ಆಗಬೇಕು," ಎಂದು ಪ್ರಚಾರಮಂತ್ರಿ ವಾಗ್ಭೂಷಣ ಬಿನ್ನವಿಸಿದ. ಮಹಾರಾಜರು ಕೂಡಲೇ ಸಿಂಹಾಸನದ ಕಾಲುಗಳನ್ನು ಒಂದು ಗೇಣು ಕೊಯ್ಯಿಸಿದರು.

"ಆಹಾ, ಎಂಥ ಸರಳತೆ! ಇದಕ್ಕಿಂತ ತಳವುಂಟೇ!" ಎಂದು ಆಸ್ಥಾನಿಕರು ಕಣ್ಣೊರೆಸಿಕೊಂಡರು.

ಆದರೂ ಸರ್ವೆಯ ಅಂಕಿ ಅಲುಗಲಿಲ್ಲ. ಮಂತ್ರಿಯೇ ಹುಣಸೇಬೀದಿಗೆ ಬಂದು ಕರಪತ್ರ ಹಂಚಿದ. ಜನ ಅದರಲ್ಲಿ ಕಡಲೆಕಾಯಿ ಕಟ್ಟಿಕೊಂಡರು. ಸಾವಂತ್ರಮ್ಮನಿಗೆ ನೋಡಲಾಗಲಿಲ್ಲ.

"ಅದ್ಯಾಕ್ ಸ್ವಾಮಿ ಕಾಗದ ಹಂಚ್ತೀರಾ? ನಮ್ ಬೀದೀಲಿ ಪಕ್ಕದ್ಮನೆಯಿಂದ ಬಟ್ಟಲಲ್ಲಿ ಏನಾದ್ರೂ ಬಂದ್ರೆ, ಖಾಲಿ ಬಟ್ಟಲು ವಾಪಸ್ ಕೊಡೋ ಹಾಗಿಲ್ಲ. ಚಿಟಿಕೆ ಸಕ್ಕರೆನಾದ್ರೂ ಹಾಕ್ಲೇಬೇಕು. ನಾನು ಮನೆಮನೆಗೂ ಹುಳಿ ಕೊಡ್ತೀನಿ. ಬಟ್ಟಲಿಗೆ ಏನೂ ಹಾಕ್ಬೇಡಿ, ಒಂದು ವೋಟು ಹಾಕಿ ಅಂತೀನಿ. ಯಾರು ಇಲ್ಲ ಅಂತಾರೆ ನೋಡೋಣ!"

"ಅಮೋಘ! ಬೂತ್ ಮಟ್ಟದ ಪ್ರಚಾರವಾಯಿತು, ಇನ್ನು ಬಟ್ಟಲು ಮಟ್ಟದ್ದು," ಎಂದ ಮಂತ್ರಿ, ಆ ಉಪಾಯಕ್ಕೆ ಅಲ್ಲೇ ತನ್ನ ಹೆಸರಿಟ್ಟ.

"ನನ್ ಮಗೀಗೆ ಗಾಜಿನ ಶಾಲೆ ಸಿಗುತ್ತೆ ತಾನೆ?"

"ತಾಯೀ, ಶಾಲೆಯ ಆಯ್ಕೆಯೇ ಅಂತಿಮ."

ಪಾಪ, ಆತ ಸುಳ್ಳು ಹೇಳಲಿಲ್ಲ.

ಸಾವಂತ್ರಮ್ಮ ಒಲೆ ಆರಿಸಲೇ ಇಲ್ಲ. ಬಚ್ಚಲು ನೀರಿನ ಜಗಳದಿಂದ ಮಾತು ಬಿಟ್ಟಿದ್ದ ಎದುರುಮನೆ ನಿಂಗಾಜಮ್ಮನ ಬಾಗಿಲಿಗೂ ಬಟ್ಟಲು ಹೋಯಿತು. "ಹುಳೀಗೆ ಉಪ್ಪೇ ಇಲ್ಲ ಕಣೇ. ಹೋಗ್ಲಿ, ಕೆಂಪಿ ಮುಖ ನೋಡಿ ಹಾಕ್ತೀನಿ," ಎಂದಳು ನಿಂಗಾಜಮ್ಮ. ಬೀದಿಬೀದಿಯಲ್ಲಿ ಬಟ್ಟಲುಗಳು ಓಡಾಡಿದವು. 'ಬೇಕು' ಎಂಬುದು ಭಾರೀ ಬಹುಮತದಿಂದ ಗೆದ್ದಿತು.

ಮಾರನೆಯ ದಿನವೇ ಸಾವಂತ್ರಮ್ಮ ಮಗಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿ, ಬಟ್ಟಲಲ್ಲಿ ಹೆಸರುಬೇಳೆ ಪಾಯಸ ಹಿಡಿದು ಗುಡ್ಡ ಹತ್ತಿದಳು. ಹೆಡ್‌ಮಾಸ್ತರರು ಬಟ್ಟಲನ್ನು ತೆಗೆದುಕೊಂಡರು, ಹುಡುಗಿಯನ್ನು ತೆಗೆದುಕೊಳ್ಳಲಿಲ್ಲ.

"ಶಾಲೆಯ ಆಯ್ಕೆ ಎಂದರೆ ಶಾಲೆಯೇ ಮಾಡುವ ಆಯ್ಕೆ, ಅಮ್ಮಾ. ನೀವೇ ಕೊಟ್ಟ ಅಧಿಕಾರ. ಇಷ್ಟು ವ್ಯಾಕರಣವೂ ಗೊತ್ತಿಲ್ಲದವರ ಮಕ್ಕಳನ್ನು ಹೇಗೆ ಸೇರಿಸಿಕೊಳ್ಳುವುದು?"

"ನಾನೇ ಅಲ್ವಾ ಸ್ವಾಮಿ ಮನೆಮನೆಗೆ ಹೋಗಿ ಗೆಲ್ಸಿದ್ದು?" ಎಂದಳು ಸಾವಂತ್ರಮ್ಮ.

"ಅದಕ್ಕೇ ಧನ್ಯವಾದ ಹೇಳುತ್ತಿರುವುದು," ಎಂದರು ಹೆಡ್‌ಮಾಸ್ತರರು.

ಆಯ್ಕೆ ಮಾಡಲು ಎರಡೆರಡು ಶಾಲೆಗಳಿದ್ದರೆ ಗೊಂದಲವೆಂದು ಹೆಂಚಿನ ಶಾಲೆಯನ್ನು ಮುಚ್ಚಲಾಯಿತು. ಮಹಾರಾಜರಿಗೆ 'ವಿದ್ಯಾಚಕ್ರವರ್ತಿ' ಎಂಬ ಬಿರುದಾಯಿತು. ಚಕ್ರವರ್ತಿಗಳು ಅಷ್ಟು ಕೆಳಗೆ ಕೂರುವುದು ಚೆನ್ನಲ್ಲವೆಂದು ಸಿಂಹಾಸನಕ್ಕೆ ಎತ್ತರದ ಹೊಸ ಕಾಲುಗಳು ಬಂದವು; ಹೆಂಚಿನ ಶಾಲೆಯ ತೊಲೆಗಳು ಅದಕ್ಕೆ ಸರಿಹೋದವು.

ಪಾಯಸದ ಬಟ್ಟಲೂ ಹುಣಸೇಬೀದಿಗೆ ಹಿಂದಿರುಗಿತು. ಪ್ರಜೆಗಳ ಸಂಪ್ರದಾಯಕ್ಕೆ ಭಂಗ ಬರಬಾರದೆಂದು ಅದರಲ್ಲಿ ಗಾಜು ಒರೆಸುವ ಬಟ್ಟೆಯೊಂದನ್ನು ಮಡಿಸಿ ಇಟ್ಟಿದ್ದರು. ಆಯ್ಕೆಯಾಗದ ಮಕ್ಕಳಿಗೆ ಸರ್ಕಾರ ಕೊಡುವ ಕೌಶಲ ತರಬೇತಿ ಅದು.

ಸೋಮವಾರ ಕೆಂಪಿ ಗಾಜಿನ ಶಾಲೆಗೆ ಹೋದಳು. ಹೊರಗಿನಿಂದ ಒರೆಸುತ್ತಾ ಒರೆಸುತ್ತಾ, ಒಳಗೆ ಬೋರ್ಡಿನ ಮೇಲಿದ್ದ ಲೆಕ್ಕಕ್ಕೆ ಸೋಪಿನ ನೊರೆಯಲ್ಲಿ ಉತ್ತರ ಬರೆದಳು. ಮೇಷ್ಟರು ಗಾಜು ತಟ್ಟಿ, ಅದನ್ನೂ ಒರೆಸು ಎಂದು ಸನ್ನೆ ಮಾಡಿದರು.

ಕೆಂಪಿ ಒರೆಸಿದಳು.