ಆಳಿಲ್ಲದ ಗಾಡಿ, ಬಾಯಿಕುಕ್ಕೆ ಇಲ್ಲದ ಎತ್ತು

ಯುದ್ಧದ ವಿಷಯದಲ್ಲಿ ನನ್ನ ಸಲಹೆ ಕೇಳಲು ಈ ವಯಸ್ಸಿನವರೆಗೆ ಯಾರೂ ಬಂದಿರಲಿಲ್ಲ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಕನ್ನೊಳ್ಳಿಯ ಮುದುಕಿಯನ್ನು ಯಾವ ಸರ್ಕಾರ ಕೇಳುತ್ತದೆ? ಕೇಳಿದ್ದರೆ ಎಷ್ಟೋ ಯುದ್ಧಗಳು ಸಂಜೆಯೊಳಗೆ ಮುಗಿಯುತ್ತಿದ್ದವು ಎಂದು ನನಗೆ ಮೊದಲಿನಿಂದಲೂ ಅನುಮಾನ. ಕಡೆಗೂ ಒಬ್ಬ ಕೇಳಿದ. ಅವನು ನನ್ನ ಅಳಿಯ, ಇಂಗಳೇಶ್ವರದ ಈರಪ್ಪ, ಸೈನ್ಯದಲ್ಲಿ ಹವಾಲ್ದಾರ.

ಅವನು ಕಾದು ಬಂದ ಗುಡ್ಡದ ಮೇಲಿನ ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ಮಗಳು ಹೆತ್ತಿದ್ದಳು, ಕೂಸು ನೋಡಲು ಅವನು ರಜೆಯ ಮೇಲೆ ಬಂದಿದ್ದ. ಕೂಸಿಗಿಂತ ಹೆಚ್ಚು ಹೊತ್ತು ಕೈಯಲ್ಲಿ ಒಂದು ಕಾಗದ ಹಿಡಿದು ಪಡಸಾಲೆಯಲ್ಲಿ ತಿರುಗಾಡುತ್ತಿದ್ದ. ಆಳಿಲ್ಲದ ವಿಮಾನ, ಆಳಿಲ್ಲದ ಗಾಡಿಗಳನ್ನು ಯುದ್ಧದಲ್ಲಿ ಹೇಗೆ ಬಳಸಬಹುದು ಎಂದು ಸಾಹೇಬರ ಮುಂದೆ ನಿಂತು ಅವನು ಭಾಷಣ ಮಾಡಬೇಕಂತೆ. ಮಾಡಿದರೆ ಬಡ್ತಿ. ಹಿಂದೆ ಎರಡು ಸಲ ಬೇರೆ ವಿಷಯಕ್ಕೆ ನಿಂತು, ನಾಲಿಗೆ ಒಣಗಿ, ಸೆಲ್ಯೂಟ್ ಹೊಡೆದು ಕೂತುಬಿಟ್ಟಿದ್ದನಂತೆ. ಈ ಸಲವೂ ಹಾಗೇ ಆದರೆ ಹವಾಲ್ದಾರನಾಗಿಯೇ ಊರಿಗೆ ಬರಬೇಕು. ಗುಂಡಿಗೆ ಹೆದರದವನು ಭಾಷಣಕ್ಕೆ ಹೆದರಿ ಎರಡೇ ರೊಟ್ಟಿಗೆ ಏಳುತ್ತಿದ್ದ.

ಒಂದು ದಿನ ನಾನು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಅವನು ನನ್ನನ್ನೇ ಸಾಹೇಬನೆಂದು ತಿಳಿದು ಎದುರು ನಿಂತ. ಹಸನಾದ ಜೋಳವನ್ನೆಲ್ಲ ನೆಲಕ್ಕೆ ಸುರಿದು ನಮ್ಮ ಪಡೆ ಎಂದ. ಪಕ್ಕದಲ್ಲಿ ತೊಗರಿಬೇಳೆ ಇಟ್ಟು ವೈರಿ ಎಂದ. ಬೋಗುಣಿ ಬೋರಲು ಹಾಕಿ ಗುಡ್ಡ ಮಾಡಿದ. ಮಗಳ ಬಾಚಣಿಕೆ ವಿಮಾನವಾಗಿ ಗುಡ್ಡದ ಮೇಲೆ ಸುತ್ತತೊಡಗಿತು.

"ಇದರಾಗ ಯಾರೂ ಕುಂದರೂದಿಲ್ರಿ ಅತ್ತಿ. ದೂರ ಕುಂತು ನಡಸ್ತಾರ. ವೈರಿ ಎಲ್ಲಿ ಅದಾನ ಅಂತ ನೋಡತೈತಿ, ಸಾಮಾನ ಒಯ್ಯತೈತಿ, ಬೇಕಾದ್ರ ಹೊಡೀತೈತಿ. ಬಿದ್ರೂ ಯಾರ ಮನ್ಯಾಗೂ ಅಳೂ ಪಾಳಿ ಇಲ್ಲ."

"ಕೆಳಗಿದ್ದವರ ಮನ್ಯಾಗ?" ಎಂದೆ.

ಬಾಚಣಿಕೆ ಗುಡ್ಡದ ಮೇಲೆಯೇ ನಿಂತಿತು. ಗುಡ್ಡ ಕಂಡು ಬಂದವನು ಅವನು. ನಾನು ಬಿಡಲಿಲ್ಲ. "ತಪ್ಪಿ ಯಾರದರ ಮನಿಮ್ಯಾಲ ಹಾಕಿತಂದ್ರ ಬೈಯೂದು ಯಾರನ್ನ?"

"ಇದನ್ನ ಅವರು ಕೇಳಿದ್ರ ನಾ ಏನ್ ಹೇಳ್ಲಿರಿ ಅತ್ತಿ?" ಎಂದು ಬೆವರು ಒರೆಸಿಕೊಂಡ.

"ಯಾರನ್ನೂ ಬೈಯಾಕ ಬರೂದಿಲ್ಲ, ಅದ ಅದರ ಚಂದ" ಎಂದೆ. ಕಚೇರಿಗೆ ಹೋಗಿ ನೋಡಿ. ಕುರ್ಚಿ ಇರುತ್ತದೆ, ಫ್ಯಾನು ತಿರುಗುತ್ತಿರುತ್ತದೆ, ಮನುಷ್ಯ ಇರುವುದಿಲ್ಲ. ಆದರೂ ನಮ್ಮ ಕೆಲಸ ಮಾತ್ರ ಕೆಟ್ಟಿರುತ್ತದೆ. ಯಾರನ್ನು ಬೈದಿರಿ? ಫ್ಯಾನನ್ನೆ?

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣೆ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ಒಬ್ಬ ಹವಾಲ್ದಾರ ಬಾಯಿ ತೆರೆದು ಕೇಳುತ್ತಿದ್ದಾಗ ನಿಲ್ಲಿಸುವುದು ಹೇಗೆ? ನನ್ನ ಸ್ವಂತ ಯುದ್ಧದ ಕಥೆ ಹೇಳಿಬಿಟ್ಟೆ.

ನಮ್ಮ ಹೊಲದಿಂದ ಮನೆಗೆ ಬರುವ ಹಾದಿಯಲ್ಲಿ ಗಂಗವ್ವನ ಹೊಲ. ಅವಳ ಗಂಡ ಒಂದು ವರ್ಷ ಬದು ಸರಿಸಿ ನಮ್ಮ ಎರಡು ಸಾಲು ನುಂಗಿದ್ದ. ಪಂಚರು ಕೂತು ಚಹಾ ಕುಡಿದು ಎದ್ದುಹೋದರು. ನಾನೂ ಸುಮ್ಮನಾದೆ, ಅಂದರೆ ಬಾಯಿಂದ. ಸಂಜೆ ನನ್ನ ಮಗ ಮೇವು ಹೇರಿ ಎತ್ತುಗಳನ್ನು ಹಾದಿಗೆ ಹಚ್ಚಿದರೆ ಸಾಕು, ಯಾರೂ ಇಲ್ಲದೆ ಗಾಡಿ ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ. ನೊಗದಿಂದ ಎತ್ತು ಬಿಚ್ಚಿ ಕೊಳ್ಳು ಹರಿಯುವವಳು ನಾನು. ಬೆಳೆಯ ನಡುವೆ ಹೋಗುವ ಎತ್ತಿಗೆ ಹಗ್ಗದ ಬಾಯಿಕುಕ್ಕೆ ಕಟ್ಟುವುದು ಪದ್ಧತಿ, ಇನ್ನೊಬ್ಬರ ತೆನೆಗೆ ಬಾಯಿ ಹಾಕಬಾರದೆಂದು. ಮಗನಿಗೆ "ಕುಕ್ಕಿ ಹರದಾವು" ಎಂದು ಹೇಳಿ ಎರಡನ್ನೂ ಬಾಗಿಲ ಹಿಂದಿನ ಗೂಟಕ್ಕೆ ತೂಗು ಹಾಕಿದ್ದೆ. ಎತ್ತುಗಳು ದಿನಾ ಆ ಎರಡು ಸಾಲಿನ ಬಾಕಿಯನ್ನು ತುತ್ತು ತುತ್ತಾಗಿ ವಸೂಲಿ ಮಾಡುತ್ತಿದ್ದವು.

ಗಂಗವ್ವ ಬರುತ್ತಿದ್ದಳು. "ಆಯಿ, ನಿಮ್ಮ ಎತ್ತು ನಮ್ಮ ಜ್ವಾಳ ಮೇದಾವು ನೋಡ್ರಿ."

"ಗಾಡ್ಯಾಗ ಯಾರರ ಇದ್ರೇನವಾ?"

"ಯಾರೂ ಇರ್ಲಿಲ್ರಿ."

"ಹಂಗಾರ ಯಾರನ್ನ ಬೈಲಿ? ಮೂಕ ಪ್ರಾಣಿ. ಕುಕ್ಕಿ ಹಾದ್ಯಾಗ ಕಳಚಿ ಬಿದ್ದಿರಬೇಕು."

ಇದನ್ನೆಲ್ಲ ಕೇಳಿ ಅಳಿಯ ನಕ್ಕ. ಅಂದು ನಾಲ್ಕು ರೊಟ್ಟಿ ತಿಂದ. ರಜೆ ಮುಗಿಸಿ ಹೋದ.

ಮಗಳೂ ಕೂಸನ್ನು ಕಟ್ಟಿಕೊಂಡು ಇಂಗಳೇಶ್ವರಕ್ಕೆ ಹೋದ ಮೇಲೆ ಒಂದು ಮಧ್ಯಾಹ್ನ ಅವನ ಕಾಗದ ಬಂತು. ಪಾಸೋ ನಾಪಾಸೋ ಎಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ. ಅಚ್ಚಿನ ಅಕ್ಷರವಾದರೆ ಕೂಡಿಸಿ ಕೂಡಿಸಿ ಓದುತ್ತೇನೆ. ಅವನದು ಇರುವೆ ಸಾಲು. ಮಗ ಹೊಲದಲ್ಲಿದ್ದ. ಅಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಗವ್ವ ಬಂದಳು. ಕೈಯಲ್ಲಿ ಎತ್ತು ತೆನೆ ಕಡಿದ ದಂಟು, ಸಾಕ್ಷಿಗೆ. ಏಳನೆಯ ಇಯತ್ತೆ ಓದಿದವಳು.

"ಜಗಳಾ ಆಮ್ಯಾಲ ಮಾಡೂಣು. ಮದ್ಲ ಇದನ್ನ ಓದವಾ, ಪುಣ್ಯಾ ಬರತೈತಿ" ಎಂದು ಕಾಗದ ಅವಳ ಕೈಗೆ ತುರುಕಿದೆ.

ಅವಳು ಶಾಲೆಯ ಹುಡುಗಿಯಂತೆ ಗಟ್ಟಿಯಾಗಿ ಓದಿದಳು. "ಅತ್ತೆಯವರಿಗೆ ನಮಸ್ಕಾರಗಳು. ಭಾಷಣ ಚೆನ್ನಾಗಿ ಆಯಿತು. ನಾಲಿಗೆ ಒಣಗಲಿಲ್ಲ. ಆಳಿಲ್ಲದ ಗಾಡಿ ತಪ್ಪು ಮಾಡಿದರೆ ಹೊಣೆ ಯಾರದು ಎಂದು ಸಾಹೇಬರು ನೀವು ಕೇಳಿದ್ದನ್ನೇ ಕೇಳಿದರು. ನಾನು ನಿಮ್ಮ ಗಾಡಿಯ ಕಥೆ ಹೇಳಿದೆ. ಬಾಯಿಕುಕ್ಕೆಗಳನ್ನು ಬಾಗಿಲ ಹಿಂದೆ ತೂಗು ಹಾಕಿ, ಗಂಗವ್ವನ ಜೋಳಕ್ಕೆ..."

ಅಲ್ಲಿ ಅವಳು ನಿಂತಳು. ನನ್ನನ್ನು ನೋಡಿದಳು. ಬಾಗಿಲನ್ನು ನೋಡಿದಳು.

"ಮುಂದ ಓದ್ಲೇನ್ರಿ ಆಯಿ?"

"ಪಾಸಾದನೋ ಇಲ್ಲೋ ಅಷ್ಟ ಹೇಳು" ಎಂದೆ, ನೆಲ ನೋಡುತ್ತ.

ಅವಳು ಬಿಡಲಿಲ್ಲ, ಪೂರ್ತಿ ಓದಿದಳು. "ಹೊಣೆ ಗಾಡಿಯದಲ್ಲ, ಎತ್ತಿನದೂ ಅಲ್ಲ, ಕುಕ್ಕೆ ಬಿಚ್ಚಿಟ್ಟವರದು ಎಂದೆ. ಸಾಹೇಬರು ಮೇಜು ತಟ್ಟಿದರು. ನಾನು ಪಾಸಾದೆ."

ಕಾಗದ ಮಡಚಿ ಕೊಟ್ಟು, ಬಾಗಿಲ ಹಿಂದೆ ಹೋಗಿ ಎರಡೂ ಕುಕ್ಕೆ ತೆಗೆದು ನನ್ನ ಮಡಿಲಿಗೆ ಹಾಕಿದಳು. "ಅಳಿಯಾ ಪಾಸಾದ್ರು. ಬಾಯಿಗೆ ಸಕ್ರಿ ಹಾಕ್ರಿ" ಎಂದು ಅಂಗೈ ಚಾಚಿದಳು. ಕೊಟ್ಟೆ. ಸಾಲದು ಎಂದಳು. ಮತ್ತೆ ಕೊಟ್ಟೆ. ಬದುವಿನ ಎರಡು ಸಾಲಿನ ಮಾತು ಎತ್ತಲು ಅದು ಸರಿಯಾದ ಹೊತ್ತಲ್ಲ ಎನ್ನಿಸಿತು.

ಮರುದಿನ ನಾನೇ ಹೊಲಕ್ಕೆ ಹೋಗಿ ಎತ್ತುಗಳಿಗೆ ಕುಕ್ಕೆ ಕಟ್ಟಿದೆ. ಒಂದೂ ಹರಿದಿರಲಿಲ್ಲ, ಅವಕ್ಕೆ ಅಚ್ಚುಕಟ್ಟಾಗಿ ಕೂತವು. ರಜೆಯಲ್ಲಿ ಅಳಿಯ ಜೋಳ ಹರಡಿದ ದಿನ ಮೂರನೆಯ ಕುಕ್ಕೆಯೊಂದು ಮನೆಯಲ್ಲಿ ಇದ್ದಿದ್ದರೆ ಒಳ್ಳೆಯದಿತ್ತು. ಸಿಂದಗಿ ಸಂತೆಯಲ್ಲಿ ಮಾರುತ್ತಾರೆ, ನನ್ನ ಬಾಯಿಯ ಅಳತೆಯದು ಕೇಳಲು ಇನ್ನೂ ಧೈರ್ಯ ಬಂದಿಲ್ಲ.