ನಮ್ಮವರು ಅಳೆದ ಪ್ಲಗ್ ವೈರು

ನಮ್ಮವರು ನನ್ನ ಕೈ ಹಿಡಿದದ್ದಕ್ಕಿಂತ ಮೀಟರು ಹಿಡಿದದ್ದೇ ಹೆಚ್ಚು ಎಂದರೆ ನಂಬುತ್ತೀರಾ? ಕಾಪುವಿನಲ್ಲಿ ಉಳಿದ ಗಂಡಂದಿರು ಹೆಂಡತಿಗೆ ದುಬೈಯಿಂದ ಸೆಂಟು, ಸೀರೆ ತರಿಸುತ್ತಿದ್ದ ಕಾಲವದು. ಇವರು ದುಬೈಯಲ್ಲಿದ್ದ ಪಕ್ಕದ ಮನೆಯ ಬ್ಯಾರಿಗಳಿಗೆ ಹೇಳಿ ತರಿಸಿದ್ದು ರೆಸಿಸ್ಟೆನ್ಸ್, ಅಂದರೆ ಕರೆಂಟು ಹರಿಯಲು ಎಷ್ಟು ತಡೆ ಎಂದು ಅಳೆಯುವ ಮೀಟರು!

ಅದು ಬಂದ ವಾರ ಮನೆಯಲ್ಲಿ ಅಳೆಯದೆ ಉಳಿದ ವಸ್ತುವಿಲ್ಲ. ಮೀನು ಮಾರುವ ಅಕ್ಕನ ಬುಟ್ಟಿಯ ಬಂಗುಡೆಗೂ ಮೀಟರಿನ ಎರಡು ಸೂಜಿ ಚುಚ್ಚಿದರು.

"ಎಂತ ಅಣ್ಣ, ಇಂಜೆಕ್ಷನ್ನಾ? ಅದು ಸತ್ತಾಯ್ತು ಮಾರಾಯ್ರೇ!" ಎಂದಳು ಅವಳು.

ಆದರೆ ಅವರ ನಿಜವಾದ ಪ್ರೀತಿ ನಮ್ಮ ಹಳೆಯ ಫಿಯೆಟ್ ಕಾರಿನ ಇಂಜಿನ್ನಿಗೆ ಕಿಡಿ ಮುಟ್ಟಿಸುವ ನಾಲ್ಕು ಪ್ಲಗ್ ವೈರುಗಳ ಮೇಲೆ. ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಕಾರ್ಬನ್ ನೂಲು ತುಂಡಾಗಿರುತ್ತದಂತೆ. ಪ್ರತಿ ಭಾನುವಾರ ನಾಲ್ಕನ್ನೂ ಬಿಚ್ಚುವುದು. ವೈರಿನ ಎರಡು ತುದಿಗೆ ಸೂಜಿ ಒತ್ತಿ ಹಿಡಿಯುವವಳು ನಾನು, ವೈರನ್ನು ಬಗ್ಗಿಸಿ ನೋಡುವವರು ಅವರು. ಮೀಟರಿನ ಮುಳ್ಳು ಎದ್ದರೆ ವೈರು ಸರಿ, ಮಲಗಿದರೆ ತುಂಡು.

"ಅಲುಗಾಡಬೇಡ ಮಾರಾಯ್ತಿ!"

"ಒಲೆಯಲ್ಲಿ ಸಾರು ಉಕ್ಕುತ್ತಾ ಉಂಟು!"

"ಸಾರು ಪುನಃ ಮಾಡಬಹುದು. ನಡುದಾರಿಯಲ್ಲಿ ಕಾರು ಕೈಕೊಟ್ಟರೆ?"

ಒಂದು ಮಧ್ಯಾಹ್ನ ಕಾರ್ಕಳದ ತವರಿನಿಂದ ಅಣ್ಣನ ಫೋನು: ಅಮ್ಮನಿಗೆ ಕಾಯಿಲೆ ಜೋರಾಗಿದೆ, ನಿನ್ನ ಹತ್ತಿರ ಏನೋ ಹೇಳಬೇಕಂತೆ, ಕೂಡಲೇ ಬಾ. ಇವರಿಗೆ ಒಂದು ವೈರಿನ ಮೇಲೆ ಸಂಶಯ. ಮೀನಿಗೆ ಉಪ್ಪು ಸವರುತ್ತಿದ್ದ ಒದ್ದೆ ಕೈಯಲ್ಲೇ ಓಡಿ ಬಂದು ಸೂಜಿ ಹಿಡಿದೆ. ಮುಳ್ಳು ಎದ್ದಿತು. "ಫಸ್ಟ್ ಕ್ಲಾಸ್!" ಎಂದವರೇ ತಂದಿಟ್ಟಿದ್ದ ಹೊಸ ವೈರನ್ನು ಮನೆಯಲ್ಲೇ ಬಿಟ್ಟು, ಹಳೆಯದನ್ನೇ ಹಾಕಿ ಹೊರಟರು.

ನಡುದಾರಿಯಲ್ಲಿ, ಬೆಳ್ಮಣ್ಣಿನ ಹತ್ತಿರ ಕಾರು ಕೆಮ್ಮತೊಡಗಿತು. ಇವರು ಇಳಿದು ಮೀಟರು ತೆಗೆದು, ಈ ಸಲ ಒಬ್ಬರೇ ಆ ವೈರನ್ನು ಅಳೆದರು. ಮುಳ್ಳು ಏಳಲಿಲ್ಲ. ಒಮ್ಮೆ ನನ್ನ ಕೈಗಳನ್ನು ನೋಡಿದರು. "ನಾನು ನೋಡಿದ್ದು ತಪ್ಪಾಯಿತು" ಎಂದರು, ಅಷ್ಟೇ. ನಾವು ಕುಂಟುತ್ತಾ ತಲುಪುವಾಗ ಅಮ್ಮನ ಮಾತು ನಿಂತಿತ್ತು. ಮೂರನೆಯ ದಿನ ಉಸಿರೂ ನಿಂತಿತು.

"ಬಸ್ಸಿನಲ್ಲಿ ಬಂದಿದ್ದರೂ ಮೊದಲೇ ಮುಟ್ಟುತ್ತಿದ್ದಿರಿ, ಮೀಟರ್ ಭಾವ!" ಎಂದ ಅಣ್ಣ. ನಾನೂ ವರ್ಷಗಟ್ಟಲೆ ಅದನ್ನೇ ಹೇಳಿ ಚುಚ್ಚಿದೆ. "ಹೌದು, ನನ್ನದೇ ತಪ್ಪು" ಎನ್ನುತ್ತಿದ್ದರು.

ಈಗ ಅವರಿಲ್ಲ. ಮೊನ್ನೆ ಒದ್ದೆ ಬಟ್ಟೆಯಲ್ಲಿ ಆ ಮೀಟರು ಒರೆಸುತ್ತಿದ್ದೆ. ಒಂದು ಕೈಯಲ್ಲಿ ಒಂದು ಸೂಜಿಯ ತುದಿ, ಇನ್ನೊಂದರಲ್ಲಿ ಇನ್ನೊಂದು. ಅವರು ಹಾಕಿಟ್ಟ ಸೆಲ್ಲಿಗೆ ಇನ್ನೂ ಜೀವವಿತ್ತು. ನಡುವೆ ವೈರೇ ಇರಲಿಲ್ಲ, ಆದರೂ ಮುಳ್ಳು ಎದ್ದಿತು!

ಹಾಗಾದರೆ ಅಂದು ಅಳೆದದ್ದು ವೈರನ್ನಲ್ಲ, ನನ್ನ ಉಪ್ಪುನೀರಿನ ಕೈಗಳನ್ನು. ಅದು ಅವರಿಗೆ ಬೆಳ್ಮಣ್ಣಿನಲ್ಲೇ ಗೊತ್ತಾಗಿತ್ತು. ಅಮ್ಮನ ಕೊನೆಯ ಮಾತು ತಪ್ಪಿದ್ದು ನನ್ನಿಂದಲೇ ಎಂದು ನಾನು ಕೊರಗಬಾರದಲ್ಲ, ಅದಕ್ಕೇ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು.

ನಿನ್ನೆ ಕಾರ್ಕಳಕ್ಕೆ ಹೋಗಿದ್ದೆ. ಅಣ್ಣನಿಗೆ ಹೇಳಿ ಬಂದೆ: "ತಪ್ಪು ನಿನ್ನ ಭಾವನದ್ದಲ್ಲ, ನನ್ನದು."