ಚಹಾ ಕುದಿಯುವುದರೊಳಗೆ

ಆ ದಿನ ಬೆಳಿಗ್ಗೆಯೂ ನಮ್ಮ ಮನೆಯಲ್ಲಿ ಜಗಳವೇ ನಡೆದಿತ್ತು. ಕಾರಣ ಕಂಪ್ಯೂಟರ್.

ನಮ್ಮ ಯಜಮಾನರು ಕರೆಪ್ಪ, ಕುಂಡಯಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಮಾಡುವ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಆಫೀಸಿನವರು ಹೊಸ ಕಂಪ್ಯೂಟರ್ ತಂದು ಹಳೆಯದನ್ನು ಪ್ರಿಂಟರ್ ಸಮೇತ ಹೊರಗೆ ಹಾಕಿದರು. ಇವರು ಅದನ್ನು ದಸರೆಗೆ ಮುಂಚೆ ಟೆಂಪೋ ಮಾಡಿಕೊಂಡು, ಮದುಮಗಳನ್ನು ತಂದಷ್ಟು ಜೋಪಾನವಾಗಿ ಮನೆಗೆ ತಂದರು. (ನನ್ನನ್ನು ಬಿಜಾಪುರದ ಕಡೆಯಿಂದ ತಂದದ್ದು ಲಾರಿಯಲ್ಲಿ, ಉಳ್ಳಾಗಡ್ಡಿ ಚೀಲದ ಮೇಲೆ ಕೂರಿಸಿ. ಇರಲಿ.)

ಅವರ ತಲೆಯಲ್ಲಿ ಒಂದು ವಿಚಾರ ಇತ್ತು. ಇಲ್ಲಿ ಪರರಾಜ್ಯದಲ್ಲಿ ದುಡಿಯಲು ಬಂದ ನಮ್ಮ ಕಡೆಯ ಜನ ಬೇಕಾದಷ್ಟು. ಅವರ ಮದುವೆ, ಮಕ್ಕಳ ಕೂದಲು ತೆಗೆಸುವ ಜಾವಳ, ವಾಸ್ತುಶಾಂತಿಯ ಪತ್ರಿಕೆಯನ್ನು ಕನ್ನಡದಲ್ಲಿ ಮಾಡಿಕೊಡುವವರಿಲ್ಲ. ನಮ್ಮ ಮಗಳು ಗೀತಾಂಜಲಿ ಮರಾಠಿ ಸಾಲೆ ಕಲಿತವಳು. ಅವಳಿಗೆ ಅಕ್ಷರ ಒತ್ತಲು ಬರುತ್ತದೆ, ಕನ್ನಡ ಬರೆಯಲು ಬರುವುದಿಲ್ಲ. ನನಗೆ ಮೂರನೇ ಇಯತ್ತೆಯವರೆಗಿನ ಕನ್ನಡ ಬರುತ್ತದೆ, ಒತ್ತಲು ಬರುವುದಿಲ್ಲ. ಇಬ್ಬರೂ ಸೇರಿದರೆ ಒಬ್ಬ ಶಾಣ್ಯಾ ಮನುಷ್ಯ ಆಗುತ್ತಾನೆ ಎಂದರು.

ಕಂಪ್ಯೂಟರ್ ಮಾತ್ರ ಮೊದಲಿನಿಂದಲೂ ಸಾವಕಾಶ. ಅವರು ಬೆಳಿಗ್ಗೆ ಎದ್ದು ಗುಂಡಿ ಒತ್ತಿ ಜಳಕಕ್ಕೆ ಹೋಗುತ್ತಿದ್ದರು. ಜಳಕ ಆಗುತ್ತಿತ್ತು, ವಿಭೂತಿ ಆಗುತ್ತಿತ್ತು, ಚಹಾ ಕುದಿಯುತ್ತಿತ್ತು. ಹೊರಗೆ ಪಾವು ಬ್ರೆಡ್ ಮಾರುವವನ ಸೈಕಲ್ ಹಾರ್ನ್ ಕೇಳಿದ ಮೇಲೆ ಕಂಪ್ಯೂಟರ್ ಮಹಾರಾಜರು ಕಣ್ಣು ತೆರೆಯುತ್ತಿದ್ದರು.

ಆ ದಿನ ನಾನು ಕಸ ಗುಡಿಸುತ್ತಾ ಅದರ ಹತ್ತಿರ ಹೋದೆ.

"ಏನ್ರೀ ಇದು, ಇಲ್ಲೆಲ್ಲಾ ಬೀಡಿ ವಾಸನಿ ಬರಾಕತ್ತೈತಿ," ಎಂದೆ.

"ಬೀಡಿ ಎಲ್ಲಿಂದ ಬಂತು? ಗೀತಾನ ಮ್ಯಾಲೆ ಆಣಿ ಮಾಡಿ ಬಿಟ್ಟೇನಿ. ಅದು ಮಷಿನ್ ಕಾದ ವಾಸನಿ."

"ಮಷಿನ್ನಿಗೂ ಬೀಡಿ ಚಟ ಐತೇನು?"

"ಆಫೀಸಿನ್ಯಾಗ ಬೆಳೆದದ್ದು. ಯಾರದರ ಚಟ ಹತ್ತಿರ್ತೈತಿ."

ಕಂಪ್ಯೂಟರಿನ ಎತ್ತರದ ಡಬ್ಬಿಯ ಮುಂಭಾಗದಲ್ಲಿ ಒಂದು ಮುಚ್ಚಳ ಬಿದ್ದುಹೋಗಿ ಕಿಂಡಿ ಆಗಿತ್ತು. ನಾನು ಅದನ್ನು ಒರೆಸಲು ಕೈ ಒಯ್ದೆ.

"ಕೈ ಹಾಕಬ್ಯಾಡ ಅಲ್ಲಿ," ಎಂದು ಹಾರಿ ಬಂದರು. "ಶಾಕ್ ಹೊಡಿತೈತಿ."

"ಇದು ಚಾಲೂ ಆಗೂದ್ರಾಗ ನಾ ಮುದುಕಿ ಆಕ್ಕೇನಿ."

"ಆಗೀದಿ ಬಿಡು."

ಚಪ್ಪಲಿ ಮೆಟ್ಟಿಕೊಂಡರು. ಶಿಫ್ಟಿಗೆ ಹೊತ್ತಾಗಿತ್ತು. ಪರದೆ ಇನ್ನೂ ಕಪ್ಪಗಿತ್ತು. ಬಾಗಿಲಲ್ಲಿ ನಿಂತು, "ಬಂದ್ ಮಾಡಬ್ಯಾಡ. ನಾ ಬರೂದ್ರಾಗ ಚಾಲೂ ಆಗಿರ್ತೈತಿ," ಎಂದರು.

ಚಾಲೂ ಆಯಿತು. ಅವರು ಬರಲಿಲ್ಲ. ಮಧ್ಯಾಹ್ನ ಕಾರ್ಖಾನೆಯಲ್ಲಿ ಬುತ್ತಿಯ ಡಬ್ಬಿ ಬಿಚ್ಚಿ ಊಟಕ್ಕೆ ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಡಾಕ್ಟರು ಹೃದಯ ಎಂದರು. ಡಬ್ಬಿಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು.

ಇದರ ಬಗ್ಗೆ ಇಷ್ಟೇ ಬರೆಯುತ್ತೇನೆ. ನಾನು ಬರೆಯಲು ಕೂತದ್ದು ಕಂಪ್ಯೂಟರಿನ ರಿಪೇರಿ.

ಅವರ ಫೋಟೋಕ್ಕೆ ಕಟ್ಟು ಹಾಕಿಸಿದೆವು. ಮಳೆಗಾಲ ಹತ್ತಿತ್ತು. ಗೋಡೆ ಒದ್ದೆಯಾಗಿ ಮೊಳೆ ಹಿಡಿಯುತ್ತಿರಲಿಲ್ಲ, ಹೊಡೆದರೆ ಗೋಡೆಯೇ ಉದುರುತ್ತಿತ್ತು. ಇರುವುದು ಒಂದೇ ಖೋಲಿ. ಎತ್ತರದ ಜಾಗ ಎಂದರೆ ಕಂಪ್ಯೂಟರಿನ ಡಬ್ಬಿ. ಫೋಟೋ ಅದರ ಮೇಲೆ ಕೂತಿತು.

ಫೋಟೋ ಇದ್ದಲ್ಲಿ ಪೂಜೆ ಬೇಕಲ್ಲ. ದಸರೆಯಲ್ಲಿ ಖಂಡೇಪೂಜೆಯ ದಿನ ಅವರೇ ಆ ಡಬ್ಬಿಗೆ ಅರಿಷಿಣದ ಭಂಡಾರ ಹಚ್ಚಿ, ಹೂವು ಇಟ್ಟು, ಕಾಯಿ ಒಡೆದಿದ್ದರು. ವರ್ಷಕ್ಕೊಮ್ಮೆ ಮಾಡಿದ್ದನ್ನು ನಾನು ದಿನಾ ಮಾಡಿದೆ. ಭಂಡಾರ, ಅಕ್ಷತೆ, ಮಲ್ಲಿಗೆ, ಒಂದು ಚೂರು ಬೆಲ್ಲ. ಡಬ್ಬಿಯ ಮುಂದೆ ಸಣ್ಣ ಸಣ್ಣ ತೂತುಗಳ ಸಾಲು ಇತ್ತು. ಕಂಪ್ಯೂಟರ್ ಚಾಲೂ ಮಾಡಿ, ಆ ತೂತುಗಳ ಎದುರಿಗೇ ಊದಿನಕಡ್ಡಿ ಹಚ್ಚಿಟ್ಟೆ.

ಆಗ ಒಂದು ಪವಾಡ ನಡೆಯಿತು. ಹೊಗೆ ಮೇಲೆ ಹೋಗಲಿಲ್ಲ. ನೆಟ್ಟಗೆ ತೂತಿನೊಳಗೆ ಹೋಯಿತು. ದಿನಾ ನೋಡಿದೆ, ದಿನಾ ಹಾಗೆಯೇ. ಅವರು ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡೆ. ಬೀಡಿ ಬಿಟ್ಟಿದ್ದರು, ಹೊಗೆಯ ಆಸೆ ಬಿಟ್ಟಿರಲಿಲ್ಲ, ಪಾಪ. ಎರಡು ಕಡ್ಡಿ ಇದ್ದದ್ದನ್ನು ಐದು ಮಾಡಿದೆ.

ಮಗ್ಗುಲ ಮನೆಯ ಚಂದವ್ವನನ್ನು ಕರೆದು ತೋರಿಸಿದೆ. ಅವಳು ಕಣ್ಣಿಗೆ ಸೆರಗು ಒತ್ತಿಕೊಂಡು, "ಪುಣ್ಯಾತ್ಮ. ನನ್ನ ಗಂಡ ಜೀವಂತ ಇದ್ದು ಕೊಟ್ಟ ಚಹಾ ಸೈತ ಕುಡಿಯೂದಿಲ್ಲ," ಎಂದಳು.

ಎರಡು ತಿಂಗಳಾಗುವುದರೊಳಗೆ ಕಂಪ್ಯೂಟರ್ ತೀರಾ ಮಂದವಾಯಿತು. ಮೊದಲು ಒಂದು ಚಹಾದ ಹೊತ್ತು ಬೇಕಿತ್ತು. ಆಮೇಲೆ ಬೇಳೆ ಬೇಯುವ ಹೊತ್ತು. ಆಮೇಲೆ ಹತ್ತು ರೊಟ್ಟಿ ಬಡಿದು, ಒಲೆ ಆರಿಸಿ, ಪಾತ್ರೆ ತಿಕ್ಕಿ ಬಂದರೂ ಅದು ತಿರುಗುತ್ತಲೇ ಇರುತ್ತಿತ್ತು. ಒಂದು ಅಕ್ಷರ ಒತ್ತಿದರೆ ಅದು ಯೋಚನೆ ಮಾಡಿ, ಹಿರಿಯರನ್ನು ಕೇಳಿ, ಆಮೇಲೆ ಮೂಡಿಸುತ್ತಿತ್ತು. ನಾವು ಮದುವೆ ಪತ್ರಿಕೆ ಮುಗಿಸುವುದರೊಳಗೆ ಆ ಮನೆಯವರಿಗೆ ಬಸುರಿಯ ಕುಬಸದ ಪತ್ರಿಕೆ ಬೇಕಾಗುತ್ತಿತ್ತು.

"ಅವ್ವಾ, ವೈರಸ್ ಹೊಕ್ಕಿರಬೇಕು," ಎಂದಳು ಗೀತಾಂಜಲಿ.

"ಹೊಕ್ಕಿದ್ದು ನಿನ್ನ ಹಾಡು. ತುಂಬಿ ತುಂಬಿ ಅದರ ಹೊಟ್ಟಿ ಉಬ್ಬಿಸೀದಿ. ಅಳಿಸು ಎಲ್ಲಾ."

"ಅವ್ವಾ, ಹಾಡಿನಿಂದ ಹಂಗ ಆಗೂದಿಲ್ಲ."

"ಅಳಿಸು ಅಂದೆ."

ಅಳಿಸಿದಳು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಕಂಪ್ಯೂಟರೂ ಮಾತಾಡಲಿಲ್ಲ.

ಚಂದವ್ವ ಬಂದು ದೃಷ್ಟಿ ಎಂದಳು. ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ಉಪ್ಪು ಇಳಿಸಿದೆ. ಭಂಡಾರ ಒಂದು ಹಿಡಿ ಹೆಚ್ಚು ಹಾಕಿದೆ. ಒಂದು ದಿನ ಡಬ್ಬಿ ಮುಟ್ಟಿದರೆ ಹೆಂಚಿನ ಹಾಗೆ ಸುಡುತ್ತಿತ್ತು. ಜ್ವರ ಬಂದವರಿಗೆ ಏನು ಮಾಡುತ್ತೇವೆ? ಹೊದಿಸುತ್ತೇವೆ. ಅವರ ಕಂಬಳಿ ತಂದು ಹೊದಿಸಿದೆ.

ಆಗ ಫಾತೋರ್ಡಾದಿಂದ ನನ್ನ ಮೈದುನ ಭೀಮಶಿ ಬಂದ. ಕಟ್ಟಡದ ಕೆಲಸದವನು. ಯಾವುದನ್ನು ನೋಡಿದರೂ ಕೆಡವಿ ಹೊಸದು ಕಟ್ಟೋಣ ಎನ್ನುವವನು.

"ವೈನಿ, ಆ ಡಬ್ಬಿ ಗುಜರಿಗೆ ಹಾಕೂನು. ಬರೂ ಆಯ್ತವಾರ ಟೆಂಪೋ ತರ್ತೇನಿ."

"ಅದು ನಿಮ್ಮಣ್ಣ ತಂದದ್ದು."

"ಅಣ್ಣ ತಂದ ಹಳೇ ಸೈಕಲ್ ಗುಜರಿಗೆ ಹಾಕಲಿಲ್ಲೇನು?"

"ಸೈಕಲ್ ಮ್ಯಾಲೆ ಅವರ ಫೋಟೋ ಇರಲಿಲ್ಲ."

"ಫೋಟೋ ನಮ್ಮ ಮನ್ಯಾಗ ಇಡೂನು. ನೀವಿಬ್ರೂ ಅಲ್ಲೇ ಬಂದುಬಿಡ್ರಿ. ಪತ್ರಿಕಿ ಕೆಲಸ ಹೆಂಗೂ ನಿಂತೈತಿ."

ಭೀಮಶಿ ಒಳ್ಳೆಯವನು. ಅವನ ಹೆಂಡತಿಯೂ ಒಳ್ಳೆಯವಳು. ಒಳ್ಳೆಯವರ ಮನೆಯಲ್ಲಿ ಇರುವುದು ಬಹಳ ಕಷ್ಟ. ಕೆಟ್ಟವರಾದರೆ ಬೈದು ಎದ್ದು ಬರಬಹುದು. ಕಂಪ್ಯೂಟರ್ ಹೋದರೆ ಪತ್ರಿಕೆ ಹೋಯಿತು, ಪತ್ರಿಕೆ ಹೋದರೆ ಈ ಬಾಡಿಗೆ ಖೋಲಿ ಹೋಯಿತು. ಮತ್ತೆ ಅವರು ಗುಂಡಿ ಒತ್ತಿ, ಬಂದ್ ಮಾಡಬೇಡ ಎಂದು ಹೇಳಿ ಹೋದ ವಸ್ತು. ಅದನ್ನು ನಾನು ಟೆಂಪೋಗೆ ಹೇರುವುದಿಲ್ಲ.

"ಆಯ್ತವಾರ ರಿಪೇರಿಯವರನ್ನ ಕರಸ್ತೇನಿ. ಆಗಲಿಲ್ಲಂದ್ರ ಒಯ್ಯು," ಎಂದೆ.

ಭಾನುವಾರ ಬೆಳಿಗ್ಗೆ ಫೋಂಡಾದಿಂದ ಹುಸೇನಸಾಬರು ಬಂದರು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಧಾರವಾಡದ ಕಡೆಯವರು. ಅವರ ಹಿಂದೆಯೇ ಭೀಮಶಿಯೂ ಬಂದ. ಟೆಂಪೋ ಬಾಗಿಲಲ್ಲಿ ನಿಂತಿತು. ಡ್ರೈವರ್ ದೇವಲಪ್ಪ ಇಂಜಿನ್ ಬಂದ್ ಮಾಡಲೂ ಇಲ್ಲ, ಡಬ್ಬಿ ಗುಜರಿಗೇ ಎಂದು ಅಷ್ಟು ನಂಬಿಕೆ. ಚಂದವ್ವ ಕರೆಯದೇ ಬಂದಳು.

ಜನ ಸೇರಿದ್ದು ನೋಡಿ ನನಗೆ ಭಾಷಣದ ಹುಕಿ ಬಂತು.

"ಸಾಬರ, ಇದನ್ನ ಕೆಡಿಸಿದವರು ಯಾರಂತ ಎಲ್ಲಾರ ಮುಂದ ಹೇಳ್ರಿ. ಹಾಡು ತುಂಬಿದವರಿರಲಿ, ಕಣ್ಣು ಹಾಕಿದವರಿರಲಿ. ಯಾರ ಇರಲಿ, ಇದರ ಮುಂದ ನಿಂತು ಕೈ ಮುಗಿದು ತಪ್ಪಾತು ಅನಬೇಕು."

ಹಾಡು ಎಂದಾಗ ಮಗಳನ್ನು ನೋಡಿದೆ. ಕಣ್ಣು ಎಂದಾಗ ಭೀಮಶಿಯನ್ನು ನೋಡಿದೆ.

ಹುಸೇನಸಾಬರು ಕಂಬಳಿ ತೆಗೆದರು. ಫೋಟೋವನ್ನು ಎರಡೂ ಕೈಯಿಂದ ಎತ್ತಿ ನನಗೆ ಕೊಟ್ಟರು. ಹಾರ ತೆಗೆದರು, ಲಿಂಬೆಹಣ್ಣು ಬಿಚ್ಚಿದರು.

"ಇನ್ನೇನರ ಐತೇನ್ರಿ ಅಕ್ಕಾರ? ಮಷಿನ್ ಇದರೊಳಗ ಇರೂದು ಖರೇ ಅಲ್ಲ?"

ಸ್ಕ್ರೂ ಬಿಚ್ಚಿ ಮಗ್ಗುಲಿನ ತಗಡು ಎಳೆದರು. ಒಳಗಿನಿಂದ ಹಳದಿ ಮೋಡ ಎದ್ದಿತು. ಸಾಬರು ಏಳು ಸಲ ಸೀನಿದರು. ಮೋಡ ಇಳಿದ ಮೇಲೆ ಅವರ ಬಿಳಿ ಗಡ್ಡ ಭಂಡಾರ ಎರಚುವ ಜಾತ್ರೆಗೆ ಹೋಗಿಬಂದ ಹಾಗಿತ್ತು.

"ಅಕ್ಕಾರ, ಇಪ್ಪತ್ತು ವರ್ಷ ಆತು ಈ ಕೆಲಸ ಮಾಡಾಕತ್ತು. ಒಳಗ ಇಲಿ ನೋಡೇನಿ, ಜೊಂಡಿಗ್ಯಾ ನೋಡೇನಿ. ಭಂಡಾರ ನೋಡಿದ್ದಿಲ್ಲ."

ಕಿಂಡಿಯಿಂದ ಒಳಗೆ ಬಿದ್ದದ್ದನ್ನೆಲ್ಲ ಒಂದೊಂದೇ ತೆಗೆದು ಪೇಪರಿನ ಮೇಲೆ ಇಟ್ಟರು. ಅಕ್ಷತೆ. ಒಣಗಿದ ಮಲ್ಲಿಗೆ. ಬೆಲ್ಲದ ಚೂರು, ಅದರ ಸುತ್ತ ಇರುವೆಗಳ ಸಂಸಾರ. ಫ್ಯಾನು ಕಾಣಲಿಲ್ಲ. ಫ್ಯಾನಿನ ಜಾಗದಲ್ಲಿ ಬೂದಿ, ಭಂಡಾರ, ಹೊಗೆಯ ಜಿಡ್ಡು ಸೇರಿ ಹೂರಣದ ಉಂಡಿ ಆಗಿತ್ತು.

"ಇದಕ್ಕ ಮೂಗು ಮುಂದ ಐತ್ರಿ, ಈ ತೂತಿನ್ಯಾಗ," ಎಂದರು ಸಾಬರು. "ಫ್ಯಾನ್ ಇಲ್ಲಿಂದ ಗಾಳಿ ಎಳಕೋತೈತಿ. ನೀವು ದಿನಾ ಅದರ ಮೂಗಿಗೇ ಊದಿನಕಡ್ಡಿ ಹಿಡಿದೀರಿ. ಉಸಿರು ಕಟ್ಟಿ ತಲಿ ಕಾದೈತಿ. ತಲಿ ಕಾದ್ರ ಸುಟ್ಟು ಹೋಗಬಾರದಂತ ತಾನ ನಿಧಾನ ಆಕ್ಕತಿ. ಅಂಥಾದ್ರಾಗ ಮ್ಯಾಲೆ ಕಂಬಳಿ ಬ್ಯಾರೆ."

ಗೀತಾಂಜಲಿ ಮೆತ್ತಗೆ, "ಅವ್ವಾ, ನನ್ನ ಹಾಡು," ಎಂದಳು.

ಅಷ್ಟಕ್ಕೇ ಮುಗಿದಿದ್ದರೆ ನನ್ನ ಮರ್ಯಾದೆ ಅರ್ಧವಾದರೂ ಉಳಿಯುತ್ತಿತ್ತು. ಸಾಬರು ಆ ಮುಚ್ಚಳವಿಲ್ಲದ ಕಿಂಡಿಯ ಹಿಂದೆ ಕೈ ಹಾಕಿದರು. ಏನೋ ಸಿಕ್ಕಿತು. ತೆಗೆದು ಬೇರೆಯಾಗಿ ಇಟ್ಟರು.

"ಇದು ಪೂಜಾದ್ದಲ್ರಿ ಅಕ್ಕಾರ."

ಬೀಡಿ ಕಟ್ಟು. ಅರ್ಧ ಬಿಚ್ಚಿದ್ದು. ಜೊತೆಗೆ ಒಂದು ಕಡ್ಡಿಪೆಟ್ಟಿಗೆ. ಎಣಿಸಿದೆ, ಏಳು ಬೀಡಿ ಉಳಿದಿದ್ದವು.

ಅವರು ಬೀಡಿ ಬಿಟ್ಟದ್ದನ್ನು ನಾನು ಓಣಿಗೆಲ್ಲ ಹೇಳಿದ್ದೆ. ಚಂದವ್ವನ ಗಂಡನನ್ನು ನಿಲ್ಲಿಸಿ, ನಮ್ಮವರನ್ನು ನೋಡಿ ಕಲಿಯಿರಿ ಎಂದು ಬುದ್ಧಿ ಹೇಳಿದ್ದೆ. ಚಂದವ್ವ ಈಗ ಬೀಡಿಯನ್ನೂ ನನ್ನನ್ನೂ ಸರದಿಯಂತೆ ನೋಡಿದಳು.

"ಮಷಿನ್ ಕಾದ ವಾಸನಿ," ಎಂದೆ ನಾನು.

ಅವರ ಫೋಟೋ ನನ್ನ ತೊಡೆಯ ಮೇಲಿತ್ತು. ಮೀಸೆಯ ಕೆಳಗೆ ಏನೂ ಅರಿಯದವರ ಹಾಗೆ ಕೂತಿದ್ದರು. "ಶಾಕ್ ಹೊಡಿತೈತಿ ಅಂದಿದ್ರಿ," ಎಂದು ಅವರಿಗೇ ಹೇಳಿದೆ. "ಹೊಡೀತು ನೋಡ್ರಿ."

ಭೀಮಶಿ ಬಾಯಿಗೆ ಟವೆಲ್ ಒತ್ತಿಕೊಂಡ. ಗೀತಾಂಜಲಿ ಗೋಡೆಯ ಕಡೆ ತಿರುಗಿದಳು, ಅವಳ ಹೆಗಲು ಕುಣಿಯುತ್ತಿತ್ತು. ಮೊದಲು ಬಾಯಿಬಿಟ್ಟು ನಕ್ಕವಳು ನಾನು. ಅವರು ಹೋದ ಮೇಲೆ ಆ ಖೋಲಿಯಲ್ಲಿ ಯಾರೂ ನಕ್ಕಿರಲಿಲ್ಲ. ನಗುವುದಕ್ಕೆ ಹೊಟ್ಟೆಗೆ ರೂಢಿ ತಪ್ಪಿತ್ತು, ನೋವಾಯಿತು.

ಸಾಬರು ಬ್ರಶ್ಶಿನಿಂದ ತಿಕ್ಕಿ, ಗಾಳಿ ಊದಿ, ಫ್ಯಾನು ಬೇರೆ ಹಾಕಿದರು. ತಮ್ಮ ಚೀಲದಿಂದ ಬೆರಳುದ್ದದ ಒಂದು ಹಸಿರು ಪಟ್ಟಿ ತೆಗೆದು ಒಳಗೆ ಸಿಕ್ಕಿಸಿದರು. ಇದರಿಂದ ನೆನಪಿನ ಶಕ್ತಿ ಹೆಚ್ಚಾಗುತ್ತದೆ ಎಂದರು. ನನಗೂ ಒಂದು ಇದ್ದರೆ ಕೊಡಿ ಎಂದೆ. ಆಮೇಲೆ ಬೇಡ ಎಂದೆ. ನನಗೆ ನೆನಪು ಈಗಿರುವಷ್ಟೇ ಸಾಕು.

"ಈಗ ಒತ್ರಿ," ಎಂದರು.

ಒತ್ತಿದೆ. ರೂಢಿಯಂತೆ ಚಹಾಕ್ಕೆ ನೀರಿಡಲು ಹೋದೆ. ನೀರು ಇನ್ನೂ ಬೆಚ್ಚಗೂ ಆಗಿರಲಿಲ್ಲ, "ಅವ್ವಾ, ಬಂತು," ಎಂದಳು ಗೀತಾಂಜಲಿ.

"ಇಷ್ಟು ಲಗೂ ಹೆಂಗ ಬಂತು? ಏನರ ಕೆಟ್ಟೈತೇನು?" ಎಂದು ಗಾಬರಿಯಿಂದ ಓಡಿ ಬಂದೆ.

"ಕೆಟ್ಟಿಲ್ಲ. ವೈನಿ, ನಿನ್ನ ಕೆಲಸ ಬಾಕಿ ಐತಿ," ಎಂದ ಭೀಮಶಿ. ಮರೆತಿರಲಿಲ್ಲ, ಖೋಡಿ.

ಆಡಿದ ಮಾತು. ನಿಂತೆ, ಕೈ ಮುಗಿದೆ, "ತಪ್ಪಾತು" ಎಂದೆ.

"ಜೋರಾಗಿ ಅನ್ನು. ಮೂಗು ಮುಂದ ಐತಿ, ಕಿವಿ ಹಿಂದ ಇರಬೇಕು," ಎಂದಳು ಮಗಳು. ಅಪ್ಪನ ಮಗಳು.

ಟೆಂಪೋ ಖಾಲಿ ಹೋಯಿತು. ಪೂರಾ ಖಾಲಿ ಅಲ್ಲ. ಹೋಗುವ ಮುಂದೆ ದೇವಲಪ್ಪ ಇಂಜಿನ್ ಬಂದ್ ಮಾಡಿ ಒಳಗೆ ಬಂದು, ತನ್ನ ಮೊಮ್ಮಗನ ಜಾವಳದ ಪತ್ರಿಕೆ ಬರೆಸಿ, ಅದನ್ನು ಜೇಬಿನಲ್ಲಿಟ್ಟುಕೊಂಡು ಹೋದ. ಅವನು ಚಹಾ ಕುಡಿದು ಮುಗಿಸುವುದರೊಳಗೆ ಪತ್ರಿಕೆ ತಯಾರಾಗಿತ್ತು. ನಾನು ಹೇಳಿದೆ, ಗೀತಾಂಜಲಿ ಒತ್ತಿದಳು. ಒಬ್ಬ ಶಾಣ್ಯಾ ಮನುಷ್ಯನ ಕೆಲಸ ಆಯಿತು.

ಆಮೇಲೆ ಇನ್ನೂ ಪತ್ರಿಕೆಗಳು ಬಂದವು. ಮಳೆ ನಿಂತ ಮೇಲೆ ಭೀಮಶಿ ಗೋಡೆಗೆ ಸಿಮೆಂಟು ಮೆತ್ತಿ ಮೊಳೆ ಹೊಡೆದ. ಫೋಟೋ ಅಲ್ಲಿಗೆ ಹೋಯಿತು, ಕಂಪ್ಯೂಟರಿನಿಂದ ಆರು ಹೆಜ್ಜೆ ದೂರ. ಎರಡು ದಿನ ನಾನು ಆ ಫೋಟೋದ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಒಂದು ಊದಿನಕಡ್ಡಿ ಹಚ್ಚಿದೆ. ಒಂದೇ. ಹೊಗೆ ಈಗ ಎಲ್ಲರ ಮನೆಯ ಹೊಗೆಯ ಹಾಗೆ ಮೇಲೆ ಹೋಗುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಒಣ ಅರಿವೆ ತೆಗೆದುಕೊಂಡು ಡಬ್ಬಿ ಒರೆಸುತ್ತೇನೆ. ತೂತುಗಳನ್ನು ಒಂದೊಂದಾಗಿ ಒರೆಸುತ್ತೇನೆ. ಆ ಕಿಂಡಿಗೆ ಮುಚ್ಚಳ ಹಾಕಿಕೊಡುತ್ತೇನೆ ಎಂದು ಸಾಬರು ಎರಡು ಸಲ ಹೇಳಿದರು, ನಾನು ಬೇಡ ಎಂದೆ. ಅದರೊಳಗೆ ಎರಡು ಬೆರಳು ಹಾಕಿ ನೋಡುತ್ತೇನೆ. ಏನೂ ಇರುವುದಿಲ್ಲ. ಆಮೇಲೆ ಗುಂಡಿ ಒತ್ತಿ, ಚಹಾಕ್ಕೆ ನೀರು ಇಡುತ್ತೇನೆ.